ಗಡಿಯಾಚೆ ಅರಳಿದ ನೃತ್ಯ

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಎತ್ತರದ ನಂದಿಧ್ವಜಗಳನ್ನು ಹೊತ್ತು ಸೊಲ್ಲಾಪುರದ ಬೀದಿಗಳಲ್ಲಿ ಸಾಗುವುದನ್ನು ನಮ್ಮ ಓದುಗರಲ್ಲಿ ಕಾಣದವರು ವಿರಳ. ಆ ಭಾರವನ್ನು ಬರಿಯ ತೋಳ್ಬಲದಿಂದ ಹೊರಲಾಗದು. ಹೆಜ್ಜೆಯೂ ಉಸಿರೂ ಒಂದಾಗಬೇಕು. ಅದನ್ನು ಬಲ್ಲವರ ಬಳಿ ನಿಂತು ಕಲಿಯಬೇಕು. ಪುಸ್ತಕದಿಂದ ಬರುವ ವಿದ್ಯೆ ಅದಲ್ಲ. ದೂರದ ರಶಿಯಾ ದೇಶದ ಬ್ಯಾಲೆ ನೃತ್ಯದ ಕಥೆಯ ತಿರುಳೂ ಇದೇ ಆಗಿದೆ.

ಬ್ಯಾಲೆ ಎಂದರೆ ವಾದ್ಯಸಂಗೀತದೊಡನೆ, ಮಾತಿನ ನೆರವಿಲ್ಲದೆ, ಅಂಗಚಲನೆಯಿಂದಲೇ ಭಾವವನ್ನೂ ಕಥೆಯನ್ನೂ ತಿಳಿಸುವ ರಂಗನೃತ್ಯ. ಇಟಲಿ, ಫ್ರಾನ್ಸುಗಳಲ್ಲಿ ಬೆಳೆದ ಈ ಕಲೆಗೆ ರಶಿಯಾದ ಚಕ್ರವರ್ತಿಗಳು ಆಶ್ರಯವಿತ್ತರು. ಫ್ರಾನ್ಸಿನಿಂದ ಬಂದ ಮಾರಿಯಸ್ ಪೆಟಿಪಾ ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಅದನ್ನು ಉನ್ನತಿಗೆ ಒಯ್ದರು. ಆದರೆ ಕಾಲಕ್ರಮದಲ್ಲಿ ಶಾಸ್ತ್ರವೇ ಸಂಕೋಲೆಯಾಯಿತು. ಕಥೆ ಯಾವ ದೇಶದ್ದಾದರೂ ಉಡುಗೆಯ ಮಾದರಿ ಅದೇ, ಹೆಜ್ಜೆಗಳ ಜೋಡಣೆ ಅದೇ. ಕಥೆಗೆ ತಕ್ಕ ನೃತ್ಯ, ನೃತ್ಯಕ್ಕೆ ತಕ್ಕ ಸಂಗೀತ, ಎರಡಕ್ಕೂ ಒಪ್ಪುವ ವೇಷ ಇರಬೇಕೆಂದು ಮಿಖಾಯಿಲ್ ಫೊಕಿನ್ ಎಂಬ ತರುಣ ನೃತ್ಯಗುರುಗಳು ವಾದಿಸಿದರು. ೧೯೦೫ರ ಕ್ರಾಂತಿಯ ಗಾಳಿ ರಂಗಮಂದಿರಕ್ಕೂ ಬೀಸಿದಾಗ ಫೊಕಿನ್, ಅನ್ನಾ ಪಾವ್ಲೋವಾ, ತಮಾರಾ ಕರ್ಸಾವಿನಾ ಮೊದಲಾದವರು ನರ್ತಕರ ಹಕ್ಕಿಗಾಗಿ ದನಿಯೆತ್ತಿದರು.

ಈ ಪ್ರತಿಭೆಗಳನ್ನೆಲ್ಲ ಒಂದೆಡೆ ಕೂಡಿಸಿದವರು ಸೆರ್ಗೆಯಿ ಡಯಾಗಿಲೆವ್. ಅವರು ನರ್ತಕರಲ್ಲ, ಚಿತ್ರಕಾರರಲ್ಲ, ಕಾನೂನು ಓದಿದ್ದವರು. ಗುಣವನ್ನು ಗುರುತಿಸುವ ಕಣ್ಣೇ ಅವರ ಬಂಡವಾಳ. ೧೯೦೯ರ ಮೇ ತಿಂಗಳಲ್ಲಿ ಅವರ ತಂಡ ಪ್ಯಾರಿಸ್ಸಿನಲ್ಲಿ ಪ್ರದರ್ಶನ ನೀಡಿದಾಗ ಜನ ಬೆರಗಾದರು. ಮರುವರ್ಷ ಸ್ಟ್ರಾವಿನ್ಸ್ಕಿಯವರ ಸಂಗೀತದ 'ಬೆಂಕಿಹಕ್ಕಿ' ಬಂದಿತು. ೧೯೧೩ರ ಮೇ ೨೯ರಂದು 'ವಸಂತಾರಾಧನೆ' ಪ್ರಥಮ ಬಾರಿಗೆ ನಡೆದಾಗ ಸಭೆಯಲ್ಲಿ ದೊಡ್ಡ ಗದ್ದಲವೆದ್ದಿತು. ವಾದ್ಯದ ದನಿ ಕೇಳಿಸದಾದ ನರ್ತಕರಿಗಾಗಿ, ಆ ನೃತ್ಯವನ್ನು ಸಂಯೋಜಿಸಿದ್ದ ನಿಜಿನ್ಸ್ಕಿಯವರು ಪಕ್ಕದ ಮರೆಯಲ್ಲಿ ನಿಂತು ಎಣಿಕೆಯನ್ನು ಕೂಗಿ ಹೇಳಬೇಕಾಯಿತು!

ಇಲ್ಲೊಂದು ವಿಚಿತ್ರವಿದೆ. 'ರಶಿಯನ್ ಬ್ಯಾಲೆ' ಎಂದು ಹೆಸರಾದ ಈ ತಂಡ ರಶಿಯಾದಲ್ಲಿ ಒಮ್ಮೆಯೂ ಕುಣಿಯಲಿಲ್ಲ. ಮಹಾಯುದ್ಧವೂ ೧೯೧೭ರ ಕ್ರಾಂತಿಯೂ ಮರಳುವ ದಾರಿಯನ್ನು ಮುಚ್ಚಿದವು. ತಾಯ್ನಾಡಿನ ಹೆಸರನ್ನು ಹೊತ್ತ ಕಲೆ ತಾಯ್ನಾಡಿನ ಹೊರಗೇ ಬಾಳಿತು.

ಈ ಕಥೆಗೆ ಕನ್ನಡ ನಾಡಿನ ನಂಟೂ ಉಂಟು. ೧೯೧೨ರಲ್ಲಿ ಡಯಾಗಿಲೆವ್ ತಂಡ 'ನೀಲದೇವ' ಎಂಬ ಬ್ಯಾಲೆಯನ್ನು ಆಡಿತು. ಮೈಗೆ ನೀಲಿಯ ಬಣ್ಣ ಬಳಿದುಕೊಂಡು ನಿಜಿನ್ಸ್ಕಿ ದೇವರಾದರು. ಅದು ಕಲ್ಪನೆಯ ಭಾರತ. ಹೆಚ್ಚು ಕಾಲ ನಿಲ್ಲಲಿಲ್ಲ. ಮುಂದೆ ನಿಜವಾದ ಭಾರತೀಯ ನೃತ್ಯವನ್ನು ಯುರೋಪಿನ ರಂಗದ ಮೇಲೆ ಮೆರೆಸಿದವರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾಮಗೋಪಾಲರು ಪ್ರಮುಖರು. ಕುಂಜು ಕುರುಪ್ ಅವರಲ್ಲಿ ಕಥಕ್ಕಳಿಯನ್ನೂ, ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯವನ್ನೂ ಕಲಿತ ಅವರು ೧೯೩೯ರಲ್ಲಿ ಲಂಡನ್ನಿನಲ್ಲಿ ಕುಣಿದರು. 'ಭಾರತದ ನಿಜಿನ್ಸ್ಕಿ' ಎಂದು ಅಲ್ಲಿಯ ರಸಿಕರು ಅವರನ್ನು ಕೊಂಡಾಡಿದರು. ೧೯೬೦ರಲ್ಲಿ 'ರಾಧಾ-ಕೃಷ್ಣ' ನೃತ್ಯದಲ್ಲಿ ಅವರೊಡನೆ ರಾಧೆಯಾದವರು ಅಲಿಸಿಯಾ ಮಾರ್ಕೋವಾ. ಹದಿನಾಲ್ಕರ ಬಾಲೆಯಾಗಿ ಡಯಾಗಿಲೆವ್ ತಂಡವನ್ನು ಸೇರಿದ್ದ ಕಲಾವಿದೆ ಅವರೇ!

೧೯೨೯ರಲ್ಲಿ ಡಯಾಗಿಲೆವ್ ವೆನಿಸ್ ನಗರದಲ್ಲಿ ತೀರಿಕೊಂಡೊಡನೆ ತಂಡ ಚದುರಿತು. ಆದರೆ ಕಲೆ ಅಳಿಯಲಿಲ್ಲ. ಏಕೆಂದರೆ ಅಲ್ಲಿ ಕಲಿತವರು ಹೋದಲ್ಲೆಲ್ಲ ಕಲಿಸಿದರು. ಬಾಲಂಚಿನ್ ಅವರು ಅಮೆರಿಕೆಯಲ್ಲಿ, ನಿನೆಟ್ ಡಿ ವಾಲ್ವಾ ಅವರು ಇಂಗ್ಲೆಂಡಿನಲ್ಲಿ ಶಾಲೆಗಳನ್ನು ಕಟ್ಟಿದರು. ರಾಮಗೋಪಾಲರು ೨೦೦೩ರಲ್ಲಿ ನಿಧನರಾದರು. ಅವರ ತಂಡದಲ್ಲಿ ಕುಣಿದಿದ್ದ ಕುಮುದಿನಿ ಲಾಖಿಯಾ ಅವರು ಅಹಮದಾಬಾದಿನಲ್ಲಿ ಕಥಕ್ ಶಾಲೆ ತೆರೆದು ಹಲವು ಶಿಷ್ಯರನ್ನು ಬೆಳೆಸಿದರು.

ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರಾದ ನಾವು ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗಡಿಯ ಈಚೆ ಉಳಿದವರು. ನಾಡಿನ ಹೊರಗಿದ್ದೇವೆಂಬ ಕೊರಗು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುವುದುಂಟು. ಹೊರಗಿರುವುದರಿಂದ ಯಾವ ಕಲೆಯೂ, ಯಾವ ನುಡಿಯೂ ಸಾಯುವುದಿಲ್ಲ. ಕಲಿಸುವವರು ಕೈಬಿಟ್ಟಾಗ ಸಾಯುತ್ತದೆ. ಅಜ್ಜಿಗೆ ಬರುವ ಸೋಬಾನೆ ಪದ ಮೊಮ್ಮಗಳಿಗೆ ಬರುವುದೇ? ಊರ ಬಯಲಾಟದ ಹೆಜ್ಜೆ ಬಲ್ಲ ಹಿರಿಯರ ಬಳಿ ಇಂದು ಎಷ್ಟು ಹುಡುಗರು ನಿಂತಿದ್ದಾರೆ? ಮುಂದಿನ ಜಾತ್ರೆಯಲ್ಲಿ ನಂದಿಧ್ವಜ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಕ್ಷಣವನ್ನು ಕಂಡಾಗ ಈ ಪ್ರಶ್ನೆಯನ್ನು ನಮ್ಮ ನಮ್ಮ ಮನೆಗಳಲ್ಲೂ ಕೇಳಿಕೊಳ್ಳೋಣ.