ಸರಾಸರಿಯ ಹಿಂದೆ ಮರೆಯಾಗುವ ಮಕ್ಕಳು

1996ರಲ್ಲಿ ಪಶ್ಚಿಮ ಕೀನ್ಯಾದ ಬುಸಿಯಾ ಮತ್ತು ಟೆಸೊ ಭಾಗದ 25 ಪ್ರಾಥಮಿಕ ಶಾಲೆಗಳಿಗೆ ಸರ್ಕಾರೇತರ ಸಂಸ್ಥೆಯೊಂದು ಪಠ್ಯಪುಸ್ತಕಗಳನ್ನು ಉಚಿತವಾಗಿ ಹಂಚಿತು. ಒಂದು ಪುಸ್ತಕಕ್ಕೆ ಹಲವು ಮಕ್ಕಳು ಮುಗಿಬೀಳುತ್ತಿದ್ದ ತರಗತಿಗಳವು. ಪುಸ್ತಕ ಕೈಗೆ ಬಂದರೆ ಕಲಿಕೆ ಸುಧಾರಿಸಿಯೇ ತೀರುತ್ತದೆ ಎಂದು ಯಾರಿಗಾದರೂ ಅನ್ನಿಸುವಂಥದ್ದೇ. ಆದರೆ ಪುಸ್ತಕ ಸಿಕ್ಕ ಶಾಲೆಗಳನ್ನೂ ಸಿಗದ ಶಾಲೆಗಳನ್ನೂ ಹೋಲಿಸಿ ನೋಡಿದಾಗ ಸರಾಸರಿ ಅಂಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಸಂಶೋಧಕರು ಅಷ್ಟಕ್ಕೇ ನಿಲ್ಲದೆ ಮಕ್ಕಳನ್ನು ಮೊದಲಿನ ಕಲಿಕೆಯ ಮಟ್ಟಕ್ಕೆ ತಕ್ಕಂತೆ ಬೇರ್ಪಡಿಸಿ ಮತ್ತೆ ಲೆಕ್ಕ ಹಾಕಿದರು. ಆಗ ಕಥೆ ತಿಳಿಯಿತು. ಮೊದಲೇ ಮುಂದಿದ್ದ ಮಕ್ಕಳಿಗೆ ಪುಸ್ತಕ ನೆರವಾಗಿತ್ತು. ಉಳಿದವರಿಗೆ ಅದನ್ನು ಓದುವುದೇ ಕಷ್ಟವಾಗಿತ್ತು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು, ಅಲ್ಲಿಯ ಎಷ್ಟೋ ಮಕ್ಕಳಿಗೆ ಅದು ಮೂರನೆಯ ಭಾಷೆ. ಪುಸ್ತಕ ಎಲ್ಲರಿಗಾಗಿ ಬಂದಿತ್ತು, ಅದರ ಪ್ರಯೋಜನ ಮಾತ್ರ ಕೆಲವರ ಪಾಲಾಗಿತ್ತು.

ಶಿಕ್ಷಣವನ್ನು ನ್ಯಾಯಯುತವಾಗಿಸಲು ಸಂಶೋಧನೆಯಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ಈ ಅಧ್ಯಾಯ ಕೊಡುವ ಉತ್ತರ ಇದು: ಒಂದು ಯೋಜನೆ ಯಾವ ಮಗುವನ್ನು ತಲುಪಿತು, ಯಾವ ಮಗುವನ್ನು ಬಿಟ್ಟು ಮುಂದೆ ಹೋಯಿತು ಎಂಬುದನ್ನು ಸಂಶೋಧನೆ ಕಣ್ಣಿಗೆ ಕಾಣುವಂತೆ ಮಾಡುತ್ತದೆ.

ತರಗತಿ ಒಂದು, ಮಟ್ಟ ಹಲವು

ನಮ್ಮ ದೇಶದಲ್ಲಿ ಮಕ್ಕಳ ಕಲಿಕಾ ಮಟ್ಟದ ಈ ಅಂತರ ಎಷ್ಟು ದೊಡ್ಡದು ಎಂಬುದನ್ನು ‘ಪ್ರಥಮ್’ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆ ತೋರಿಸಿದೆ. ಹಳ್ಳಿಹಳ್ಳಿಗೆ ಹೋಗಿ ಒಂದೊಂದೇ ಮಗುವಿನಿಂದ ಅಕ್ಷರ, ಪದ, ಪುಟ್ಟ ಪ್ಯಾರಾ, ಸಣ್ಣ ಕಥೆ ಓದಿಸುವ ಸರಳ ಪರೀಕ್ಷೆ ಇದು. 2018ರಲ್ಲಿ ಐದನೇ ತರಗತಿಯ ಗ್ರಾಮೀಣ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ. 50ರಷ್ಟು. ಕೋವಿಡ್‌ನಿಂದ ಶಾಲೆಗಳು ಮುಚ್ಚಿ ತೆರೆದ ಮೇಲೆ, 2022ರಲ್ಲಿ, ಅದು ಶೇ. 43ಕ್ಕೆ ಕುಸಿದಿತ್ತು.

ಹೀಗಿರುವ ತರಗತಿಯಲ್ಲಿ ಶಿಕ್ಷಕಿ ಐದನೇ ತರಗತಿಯ ಪಠ್ಯವನ್ನು ನಿಷ್ಠೆಯಿಂದ ಬೋಧಿಸಿದರೂ ಅರ್ಧದಷ್ಟು ಮಕ್ಕಳಿಗೆ ಅದು ಎಟುಕುವುದಿಲ್ಲ. ಮನೆಯಲ್ಲಿ ಓದಿಸಬಲ್ಲ ತಂದೆತಾಯಿ ಇದ್ದರೆ ಅಥವಾ ಟ್ಯೂಷನ್ನಿಗೆ ದುಡ್ಡಿದ್ದರೆ ಮಗು ಹೇಗೋ ಕೂಡಿಕೊಳ್ಳುತ್ತದೆ. ಅಕ್ಷರ ಕಲಿಯದ ಮನೆಯಿಂದ ಬಂದ ಮಗುವಿಗೆ ಶಾಲೆಯೇ ಏಕೈಕ ಆಸರೆ. ಅಲ್ಲಿ ಒಮ್ಮೆ ಹಿಂದೆ ಬಿದ್ದರೆ ಪ್ರತಿ ವರ್ಷವೂ ಅಂತರ ಹಿಗ್ಗುತ್ತ ಹೋಗುತ್ತದೆ. ಹುಟ್ಟಿನಿಂದ ಬಂದ ಅಸಮಾನತೆ ತರಗತಿಯೊಳಗೇ ಮತ್ತಷ್ಟು ಬೆಳೆಯುವುದು ಹೀಗೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಪ್ರಕರಣ ಶಿಕ್ಷಕರಿಗೆ ಹೊರಿಸಿರುವ ಹೊಣೆಗಳಲ್ಲಿ ಎರಡು ಇವು: ನಿಗದಿತ ಸಮಯದಲ್ಲಿ ಪಠ್ಯಕ್ರಮ ಮುಗಿಸುವುದು, ಮತ್ತು ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ತಿಳಿದು ಬೇಕಾದ ಹೆಚ್ಚುವರಿ ಬೋಧನೆ ಕೊಡುವುದು. ‘ಪೋರ್ಷನ್ ಮುಗೀತಾ?’ ಎಂದು ಕೇಳುವವರು ಊರೆಲ್ಲ ಇದ್ದಾರೆ. ಎರಡನೆಯದನ್ನು ಕೇಳುವವರು ವಿರಳ.

ಬಾಲಸಖಿಯರು ಕಲಿಸಿದ ಪಾಠ

ಈ ಎರಡನೆಯ ಹೊಣೆಯನ್ನು ನಿಭಾಯಿಸುವುದು ಹೇಗೆ? ಮುಂಬೈ ಮತ್ತು ವಡೋದರಾದ ಪಾಲಿಕೆ ಶಾಲೆಗಳಲ್ಲಿ ಪ್ರಥಮ್ ಒಂದು ದಾರಿ ಹುಡುಕಿತು. ಅದೇ ಬಡಾವಣೆಯ, ಪ್ರೌಢಶಾಲೆ ಮುಗಿಸಿದ ಯುವತಿಯರಿಗೆ ಸುಮಾರು ಎರಡು ವಾರ ತರಬೇತಿ ಕೊಟ್ಟು ‘ಬಾಲಸಖಿ’ಯರನ್ನಾಗಿ ನೇಮಿಸಿತು. ಮೂರು ಮತ್ತು ನಾಲ್ಕನೇ ತರಗತಿಗಳಲ್ಲಿ ಹಿಂದೆ ಬಿದ್ದಿದ್ದ 15–20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕ ಕೂರಿಸಿಕೊಂಡು ಓದು, ಬರಹ, ಲೆಕ್ಕದ ಬುನಾದಿ ಹಾಕುವುದು ಅವರ ಕೆಲಸ.

ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಶಾನ್ ಕೋಲ್, ಎಸ್ತರ್ ಡುಫ್ಲೊ ಮತ್ತು ಲೀ ಲಿಂಡನ್ 2001ರಿಂದ ಇದನ್ನು ಪರೀಕ್ಷೆಗೆ ಒಡ್ಡಿದರು. ಯಾವ ಶಾಲೆಯ ಯಾವ ತರಗತಿಗೆ ಬಾಲಸಖಿ ಎಂಬುದನ್ನು ಲಾಟರಿಯಂತೆ ನಿರ್ಧರಿಸಲಾಯಿತು. ಲಾಟರಿ ಯಾಕೆ? ಉತ್ಸಾಹಿ ಮುಖ್ಯಶಿಕ್ಷಕರಿರುವ ಶಾಲೆಗಳನ್ನೇ ಆರಿಸಿಕೊಂಡರೆ ಫಲ ಬಂದದ್ದು ಬಾಲಸಖಿಯಿಂದಲೋ ಆ ಉತ್ಸಾಹದಿಂದಲೋ ಹೇಳಲಾಗದು. ಆಯ್ಕೆಯನ್ನು ಅದೃಷ್ಟಕ್ಕೆ ಬಿಟ್ಟರೆ ಎರಡೂ ಗುಂಪುಗಳು ಮೊದಲಿಗೆ ಒಂದೇ ತೆರನಾಗಿರುತ್ತವೆ, ಆಮೇಲೆ ಕಾಣುವ ವ್ಯತ್ಯಾಸಕ್ಕೆ ಕಾರಣ ಸ್ಪಷ್ಟವಾಗುತ್ತದೆ. ಹಾಗಾದರೆ ಲಾಟರಿಯಲ್ಲಿ ಬಿಟ್ಟುಹೋದ ಮಕ್ಕಳ ಗತಿ? ಇಲ್ಲಿ ಒಂದು ಶಾಲೆಯ ಮೂರನೇ ತರಗತಿಗೆ ಬಾಲಸಖಿ ಸಿಕ್ಕರೆ ಇನ್ನೊಂದರ ನಾಲ್ಕನೇ ತರಗತಿಗೆ ಸಿಗುತ್ತಿತ್ತು. ಹೀಗಾಗಿ ಯಾವ ಶಾಲೆಯೂ ಬರಿಗೈಲಿ ಉಳಿಯಲಿಲ್ಲ.

ಮಕ್ಕಳ ಅಂಕಗಳು ಏರಿದವು, ಅದರಲ್ಲೂ ತೀರಾ ಹಿಂದಿದ್ದವರದು ಹೆಚ್ಚು ಏರಿತು. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮೂಲ ತರಗತಿಯಲ್ಲೇ ಉಳಿದ ಮಕ್ಕಳಿಗೆ ಈಗ ಚಿಕ್ಕ ತರಗತಿ, ಜೊತೆಗೆ ಹೆಚ್ಚು ಓದಿದ ಖಾಯಂ ಶಿಕ್ಷಕರು ಇದ್ದರೂ ಅವರ ಕಲಿಕೆಯಲ್ಲಿ ಹೇಳಿಕೊಳ್ಳುವ ಬದಲಾವಣೆ ಆಗಲಿಲ್ಲ. ಅಲ್ಲಿ ಪಾಠದ ರೀತಿ ಹಳೆಯದೇ ಇತ್ತು. ಮಗು ನಿಂತಿರುವ ಕಡೆಯಿಂದ ಪಾಠ ಶುರುವಾದದ್ದೇ ಬಾಲಸಖಿಯರ ಯಶಸ್ಸಿನ ಗುಟ್ಟು.

ಆದರೆ ಕಾರ್ಯಕ್ರಮ ನಿಂತ ಒಂದು ವರ್ಷದ ನಂತರ ನೋಡಿದಾಗ ಗಳಿಕೆಯ ಬಹುಪಾಲು ಕರಗಿತ್ತು. ಸಂಶೋಧಕರು ಇದನ್ನೂ ಪ್ರಕಟಿಸಿದರು. ಯಶಸ್ಸಿನ ಜೊತೆ ಅದರ ಮಿತಿಯನ್ನೂ ಹೇಳುವ ವರದಿಯನ್ನು ನಾವು ನಂಬಬಹುದು.

ಶಿಬಿರದಿಂದ ಶಾಲೆಗೆ

ಪ್ರಥಮ್ ಇಟ್ಟ ಮುಂದಿನ ಹೆಜ್ಜೆಗಳಲ್ಲಿ ಸೋಲುಗಳೂ ಇದ್ದವು, ಪ್ರತಿಯೊಂದೂ ಏನನ್ನಾದರೂ ಕಲಿಸಿತು. 2005–06ರಲ್ಲಿ ಉತ್ತರ ಪ್ರದೇಶದ ಜೌನ್‌ಪುರದ ಹಳ್ಳಿಗಳಲ್ಲಿ ಮಕ್ಕಳ ಕಲಿಕೆ ಹೇಗಿದೆಯೆಂದು ಪೋಷಕರಿಗೆ ತಿಳಿಸುವ ಸಭೆಗಳು ನಡೆದವು. ಅಷ್ಟರಿಂದ ಏನೂ ಬದಲಾಗಲಿಲ್ಲ. ಸ್ವಯಂಸೇವಕರ ಓದಿನ ಶಿಬಿರಕ್ಕೆ ಬಂದ ಮಕ್ಕಳು ಚೆನ್ನಾಗಿ ಕಲಿತರು, ಆದರೆ ಅಕ್ಷರವೇ ಬಾರದ ಮಕ್ಕಳಲ್ಲಿ ಬಂದವರು ಶೇ. 13 ಮಾತ್ರ. ಅತಿ ಅಗತ್ಯವಿದ್ದವರೇ ಹೊರಗುಳಿದರು. ಎಲ್ಲರನ್ನೂ ತಲುಪಬೇಕಾದರೆ ಶಾಲೆಯ ಒಳಗೇ ಕೆಲಸ ಆಗಬೇಕೆಂದು ಇದರಿಂದ ತಿಳಿಯಿತು.

ಬಿಹಾರದಲ್ಲಿ ಸರ್ಕಾರಿ ಶಿಕ್ಷಕರೇ ಬೇಸಿಗೆ ಶಿಬಿರ ನಡೆಸಿದಾಗ ಮಕ್ಕಳು ಕಲಿತರು. ಅದೇ ಬಗೆಯ ಶಿಕ್ಷಕರಿಗೆ ಶಾಲಾ ದಿನಗಳಲ್ಲಿ ಬರೀ ತರಬೇತಿ, ಸಾಮಗ್ರಿ ಕೊಟ್ಟಾಗ ಫಲ ಸಿಗಲಿಲ್ಲ. ಪಠ್ಯ ಮುಗಿಸುವ ಒತ್ತಡ ಉಳಿದೆಲ್ಲವನ್ನೂ ಹಿಂದೆ ತಳ್ಳುತ್ತಿತ್ತು. ಆದ್ದರಿಂದ 2012–13ರಲ್ಲಿ ಹರಿಯಾಣದಲ್ಲಿ ದಿನಕ್ಕೊಂದು ಗಂಟೆಯನ್ನು ಇದಕ್ಕೆಂದೇ ಮೀಸಲಿಟ್ಟರು. ಆ ಹೊತ್ತಿನಲ್ಲಿ ಮೂರರಿಂದ ಐದನೇ ತರಗತಿಯ ಮಕ್ಕಳು ತರಗತಿಯ ಬದಲು ಓದುವ ಮಟ್ಟಕ್ಕೆ ತಕ್ಕಂತೆ ಕೂತರು. ಮೇಲ್ವಿಚಾರಕರು ತಾವೇ ಮೊದಲು ಮಕ್ಕಳಿಗೆ ಕಲಿಸಿ ಅನುಭವ ಪಡೆದಿದ್ದರು. ಭಾಷಾ ಕಲಿಕೆ ಸುಧಾರಿಸಿತು, ಗಣಿತದಲ್ಲಿ ಹಾಗಾಗಲಿಲ್ಲ. 2013–14ರಲ್ಲಿ ಉತ್ತರ ಪ್ರದೇಶದ ಶಾಲೆಗಳಲ್ಲಿ ಕೆಲವೇ ವಾರಗಳ ತೀವ್ರ ಕಲಿಕಾ ಶಿಬಿರಗಳು ನಡೆದವು. ಕೊನೆಯಲ್ಲಿ ಪ್ಯಾರಾ ಅಥವಾ ಕಥೆ ಓದಬಲ್ಲ ಮಕ್ಕಳು ಅಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟಿದ್ದರೆ ಶಿಬಿರವಿಲ್ಲದ ಶಾಲೆಗಳಲ್ಲಿ ಸುಮಾರು ಕಾಲುಭಾಗ. ಬ್ಯಾನರ್ಜಿ, ಡುಫ್ಲೊ ಹಾಗೂ ಕೀನ್ಯಾ ಅಧ್ಯಯನದ ಮೈಕೆಲ್ ಕ್ರೆಮರ್ ಅವರಿಗೆ 2019ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದದ್ದು ಇಂಥ ಕ್ಷೇತ್ರಪ್ರಯೋಗಗಳಿಗಾಗಿ.

ನಮ್ಮ ನೆಲದ ಅನುಭವ

ಕರ್ನಾಟಕಕ್ಕೆ ಈ ವಿಚಾರ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಮಾದರಿ ನೋಡಿಬಂದು ‘ನಲಿ-ಕಲಿ’ ಕಟ್ಟಿದರು. ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತ ಹೋಗುತ್ತದೆ. ಶಿಕ್ಷಕರ ಪೂರ್ಣ ಬೆಂಬಲ ಬೇಕಾದವರದು ಒಂದು ತಟ್ಟೆ (ಗುಂಪು), ತಾವೇ ಕಲಿಯಬಲ್ಲವರದು ಇನ್ನೊಂದು. ನಾಲ್ಕನೇ ತರಗತಿಗೆ ಬಂದಾಗ ಏಣಿಯ ಜಾಗಕ್ಕೆ ಎಲ್ಲರಿಗೂ ಒಂದೇ ಪಠ್ಯಪುಸ್ತಕ ಬರುತ್ತದೆ. ಹಿಂದೆ ಬಿದ್ದ ಮಕ್ಕಳ ಕಲಿಕೆಗಾಗಿ ನಾಲ್ಕು, ಐದನೇ ತರಗತಿಗಳಿಗೆ ‘ಓದು ಕರ್ನಾಟಕ’, ಕೋವಿಡ್ ನಂತರ ಕಲಿಕೆಯ ನಷ್ಟ ತುಂಬಲು 2022–23ರಲ್ಲಿ ‘ಕಲಿಕಾ ಚೇತರಿಕೆ’ ಬಂದವು. ಇಂಥ ಕಾರ್ಯಕ್ರಮಗಳು ಆ ವರ್ಷದ ಆದೇಶವಾಗಿ ಮುಗಿದುಹೋಗದೆ ವೇಳಾಪಟ್ಟಿಯ ಖಾಯಂ ಭಾಗವಾಗಬೇಕು. ಬಾಲಸಖಿಯರ ಗಳಿಕೆ ಕರಗಿದ್ದನ್ನು ಇಲ್ಲಿ ನೆನಪಿಡಬೇಕು.

ಒಂದು ಎಚ್ಚರಿಕೆಯೂ ಬೇಕು. ಇಂದು ಏನು ಓದಬಲ್ಲರು ಎಂಬುದಷ್ಟೇ ಗುಂಪು ಮಾಡುವ ಆಧಾರವಾಗಬೇಕು. ದಿನದ ಒಂದೆರಡು ಗಂಟೆ ಸಾಕು, ಕೆಲವು ವಾರಗಳಿಗೊಮ್ಮೆ ಮರುಪರೀಕ್ಷಿಸಿ ಗುಂಪು ಬದಲಿಸಬೇಕು. ಇಲ್ಲದಿದ್ದರೆ ಅದು ‘ದಡ್ಡರ ಸೆಕ್ಷನ್’ ಆಗುತ್ತದೆ, ಬಡವರ ಮಕ್ಕಳೇ ಅದರಲ್ಲಿ ತುಂಬಿಕೊಳ್ಳುತ್ತಾರೆ.

ಇದರಲ್ಲಿ ಪೋಷಕರ ಪಾತ್ರವೂ ಇದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಶೇಕಡಾವಾರು ಫಲಿತಾಂಶ ಓದಿದಾಗ ಮೂರು ಪ್ರಶ್ನೆ ಕೇಳಿ: ಐದನೇ ತರಗತಿಯಲ್ಲಿ ಒಂದು ಪ್ಯಾರಾ ಓದಲಾಗದ ಮಕ್ಕಳು ಎಷ್ಟು? ಅವರಿಗಾಗಿ ದಿನದ ಯಾವ ಹೊತ್ತು ಮೀಸಲಿದೆ? ಮೂರು ತಿಂಗಳ ನಂತರ ಅವರಲ್ಲಿ ಎಷ್ಟು ಮಂದಿ ಮುಂದಿನ ಹಂತಕ್ಕೆ ಹೋದರು? ಈ ಉತ್ತರಗಳಿಗೆ ದೊಡ್ಡ ಸಮೀಕ್ಷೆ ಬೇಕಿಲ್ಲ, ಒಂದು ಹಾಳೆ ಮತ್ತು ಪ್ರತಿ ಮಗುವಿಗೆ ಕೆಲವು ನಿಮಿಷ ಸಾಕು. ಶಾಲೆಯು ಈ ಮೂರು ಲೆಕ್ಕಗಳನ್ನು ಪೋರ್ಷನ್ನಿನಷ್ಟೇ ಶ್ರದ್ಧೆಯಿಂದ ಇಟ್ಟರೆ ಕಾಯ್ದೆಯ ಎರಡನೆಯ ಹೊಣೆಯೂ ನೆರವೇರಲು ತೊಡಗುತ್ತದೆ.