ಬಾಂದ್ರಾದಲ್ಲಿ ಕೊಂಬೆ ಇಳಿಸುವುದು ಹೇಗೆ?

ಮುಂಬೈಯ ಬಾಂದ್ರಾದ ಪಾಲಿ ಹಿಲ್. ರಸ್ತೆಯ ಮೇಲೆ ಚಾಚಿದ ದೊಡ್ಡ ಕೊಂಬೆ. ಕೆಳಗೆ ಕಾರು, ರಿಕ್ಷಾ, ಕೇಬಲ್ ತಂತಿ. ಇದನ್ನು ಯಾರಿಗೂ ಪೆಟ್ಟಾಗದಂತೆ ಇಳಿಸುವುದು ಹೇಗೆ?

ಜೂನ್‌ನಲ್ಲಿ ಮುಂಗಾರು ಬರುವ ಮೊದಲೇ ಒಣಗಿದ, ಭಾರವಾದ ಕೊಂಬೆಗಳನ್ನು ಕತ್ತರಿಸಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬೀಸಿದಾಗ ಮುಂಬೈಯಲ್ಲಿ ನೂರಾರು ಮರಗಳು ಉರುಳಿದ್ದವು.

ಮೊದಲು ನೆಲದ ಕೆಲಸ. ಕೆಳಗಿನ ಜಾಗಕ್ಕೆ ಅಡ್ಡ ಹಗ್ಗ ಕಟ್ಟಿ, ಜನರನ್ನು ತಡೆಯಲು ಒಬ್ಬರು ನಿಲ್ಲಬೇಕು. ಹತ್ತಿರ ವಿದ್ಯುತ್ ತಂತಿ ಇದ್ದರೆ ಕರೆಂಟ್ ತೆಗೆಸುವವರೆಗೆ ಯಾರೂ ಮರ ಹತ್ತಬಾರದು.

ಹತ್ತುವವರಿಗೆ ಹೆಲ್ಮೆಟ್, ಕನ್ನಡಕ, ಸೊಂಟ ಮತ್ತು ತೊಡೆಗೆ ಬಿಗಿಯುವ ಹಾರ್ನೆಸ್ ಬೇಕು. ಗರಗಸ ಆಡಿಸುವಾಗ ಎರಡು ಕಡೆ ಕಟ್ಟಿಕೊಂಡಿರಬೇಕು. ಒಂದು ಹಗ್ಗ ತುಂಡಾದರೂ ಇನ್ನೊಂದು ಜೀವ ಉಳಿಸುತ್ತದೆ.

ಈಗ ಮೂರು ಕೊಯ್ತ. ಒಂದು: ಕಾಂಡದಿಂದ ಸುಮಾರು ಒಂದು ಅಡಿ ದೂರದಲ್ಲಿ, ಕೆಳಗಿನಿಂದ ಅರೆಬರೆ. ಎರಡು: ಅದಕ್ಕಿಂತ ತುಸು ಆಚೆ, ಮೇಲಿನಿಂದ ಪೂರ್ತಿ. ಹೀಗೆ ಮಾಡಿದರೆ ತೊಗಟೆ ಸೀಳುವುದಿಲ್ಲ. ಮೂರು: ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿನ ಹೊರಗೇ ಕತ್ತರಿಸಿ. ಗಾಯ ಮುಚ್ಚುವುದು ಆ ಉಬ್ಬಿನಿಂದಲೇ. ಅದನ್ನೇ ಸವರಿದರೆ ಕೊಳೆ ಒಳಗೆ ಇಳಿಯುತ್ತದೆ. ಭಾರಿ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ನಿಧಾನವಾಗಿ ಇಳಿಸಬೇಕು.

ನಿಮ್ಮ ಸೊಸೈಟಿಯ ಮರವಾದರೂ ಮಹಾರಾಷ್ಟ್ರದ 1975ರ ಮರ ಸಂರಕ್ಷಣಾ ಕಾಯ್ದೆಯಂತೆ ಪಾಲಿಕೆಯ ಅನುಮತಿ ಬೇಕು. ಅಪಾಯದ ಕೊಂಬೆ ಕಂಡರೆ ಪಾಲಿಕೆಯ 1916ಕ್ಕೆ ಕರೆ ಮಾಡಿ. ನಾಲ್ಕು ಕಾಸು ಉಳಿಸಲು ಹಾರ್ನೆಸ್ ಇಲ್ಲದ ಕೆಲಸಗಾರನನ್ನು ಮರ ಹತ್ತಿಸಬೇಡಿ.