ಮಣ್ಣಿನ ಶಿಲ್ಪಗಳ ಮೆರುಗು ಒಡೆಯಲು ಕಾರಣ ಹಾಗೂ ಪರಿಹಾರ

ಉದ್ಯಾನ, ಶಾಲಾ ಆವರಣ ಮುಂತಾದೆಡೆ ಸ್ಥಳೀಯ ಕುಂಬಾರರಿಂದ ಮೆರುಗು (ಗ್ಲೇಜ್) ಲೇಪಿತ ಮಣ್ಣಿನ ಶಿಲ್ಪಗಳನ್ನು ಮಾಡಿಸಬಯಸುವ ಗ್ರಾಮ ಪಂಚಾಯತಿಗಳ ಮಾನ್ಯ ಸದಸ್ಯರು ಹಣ ಮಂಜೂರು ಮಾಡುವ ಮುನ್ನ ಒಂದು ವಿಷಯವನ್ನು ಅರಿತಿರುವುದು ಅವಶ್ಯ. ಮೆರುಗು ಬಿರುಕು ಬಿಟ್ಟಾಗ ದೋಷವನ್ನು ಮೆರುಗಿನ ಪುಡಿಯ ಮೇಲೆ ಹೊರಿಸುವುದು ವಾಡಿಕೆ; ಆದರೆ ಅನೇಕ ವೇಳೆ ಕಾರಣವಿರುವುದು ಅದರ ಕೆಳಗಿನ ಮಣ್ಣಿನಲ್ಲಿ.

ಮಣ್ಣನ್ನು ಸುಡುವಾಗ ಅದರಲ್ಲಿನ ಕೆಲವು ಖನಿಜಗಳು ಕರಗಿ, ಗಾಜಿನಂತಾಗಿ, ಕಣಗಳ ನಡುವಿನ ರಂಧ್ರಗಳನ್ನು ತುಂಬುತ್ತವೆ. ಇದು ಗಾಜೀಕರಣ. ಕಟ್ಟಿಗೆಯ ಆವಿಗೆಯಲ್ಲಿ ಸುಮಾರು 800–900 ಡಿಗ್ರಿ ಸೆಲ್ಸಿಯಸ್‌ಗೆ ಬೆಂದ ಕೆರೆಮಣ್ಣು ಸರಂಧ್ರವಾಗಿಯೇ ಉಳಿಯುತ್ತದೆ. ಮಡಕೆಯ ನೀರು ತಣ್ಣಗಿರುವುದು ಈ ಗುಣದಿಂದಲೇ. ಬಯಲಿನಲ್ಲಿ ನಿಲ್ಲುವ ಶಿಲ್ಪಕ್ಕಾದರೋ ಅದೇ ಮುಳುವು. ತೇವ ಹೀರಿದ ಮಣ್ಣು ಕಾಲಕ್ರಮೇಣ ಕೊಂಚ ಹಿಗ್ಗುತ್ತದೆ, ಹಿಗ್ಗಲಾರದ ಮೆರುಗು ಸೀಳುತ್ತದೆ. ಹಾಗೆಂದು ಸ್ಟೋನ್‌ವೇರ್ ಮೆರುಗನ್ನು ತರಿಸಿ, ಕಬ್ಬಿಣದಂಶ ಹೆಚ್ಚಿರುವ ಕೆರೆಮಣ್ಣನ್ನು 1200 ಡಿಗ್ರಿಗೆ ಸುಟ್ಟರೆ ಶಿಲ್ಪವೇ ಉಬ್ಬಿ, ಬಾಗಿ ಕುಸಿಯಬಹುದು.

ಆದ್ದರಿಂದ ಮೊದಲು ಮಣ್ಣಿನ ಪರೀಕ್ಷೆಯಾಗಬೇಕು. ಅದೇ ಮಣ್ಣಿನ ಉದ್ದನೆಯ ಪಟ್ಟಿಗಳನ್ನು ಮಾಡಿ, ಎರಡು ತುದಿಗಳಿಗೆ ಮಾತ್ರ ಆಸರೆಯಿಟ್ಟು, 900, 1000, 1050, 1100 ಡಿಗ್ರಿಗಳಲ್ಲಿ ಬೇರೆ ಬೇರೆಯಾಗಿ ಸುಡಬೇಕು. ನಡುವೆ ಜೋತುಬಿದ್ದ ಪಟ್ಟಿಯ ಶಾಖ ಆ ಮಣ್ಣಿಗೆ ಅತಿಯಾಯಿತೆಂದು ತಿಳಿಯುವುದು. ಉಳಿದವನ್ನು ತೂಗಿ, ನೀರಿನಲ್ಲಿ 5 ಗಂಟೆ ಕುದಿಸಿ, ತಣಿದ ಬಳಿಕ ಒರೆಸಿ ಮತ್ತೆ ತೂಗಬೇಕು. 1000 ಗ್ರಾಂ ಇದ್ದದ್ದು 1120 ಗ್ರಾಂ ಆದರೆ ನೀರು ಹೀರಿಕೆ ಶೇ. 12, ಹೊರಾಂಗಣಕ್ಕೆ ಇದು ಹೆಚ್ಚೇ ಸರಿ. ಪಟ್ಟಿ ಬಾಗದೆ ಹೀರಿಕೆ ಅತಿ ಕಡಿಮೆಯಾಗುವ ಶಾಖವನ್ನು ಗುರುತಿಸಿ, ಆ ಶಾಖಕ್ಕೆ ಕರಗುವ ಮೆರುಗನ್ನೇ ಖರೀದಿಸತಕ್ಕದ್ದು.

ಶಿಲ್ಪದ ಮಣ್ಣಿಗೆ ಸುಟ್ಟ ಮಡಕೆ ಚೂರಿನ ತರಿಯನ್ನು ಶೇ. 20–30ರಷ್ಟು ಬೆರೆಸಿದರೆ ಒಣಗುವಾಗಿನ ಕುಗ್ಗುವಿಕೆ ಇಳಿಯುತ್ತದೆ. ಒಳಗು ಟೊಳ್ಳಾಗಿ, ಗೋಡೆ ಸಮದಪ್ಪವಾಗಿರಲಿ. ಮಣ್ಣಿನಲ್ಲಿ ಸುಣ್ಣದ ಹರಳುಗಳಿದ್ದರೆ ಜರಡಿ ಹಿಡಿಯದೆ ಬಳಸಲೇಬಾರದು: ಬೆಂದ ಹರಳು ಗಾಳಿಯ ತೇವಕ್ಕೆ ಅರಳಿ, ವಾರಗಳ ನಂತರವೂ ಮೆರುಗನ್ನು ಚಕ್ಕೆಚಕ್ಕೆಯಾಗಿ ಸಿಡಿಸುತ್ತದೆ.

ಮಣ್ಣು ಸರಿಯಿದ್ದೂ ಆವಿಗೆಯಿಂದ ತೆಗೆದ ಕೂಡಲೇ ಬಲೆಯಂತಹ ಬಿರುಕು ಕಂಡರೆ, ತಣಿಯುವಾಗ ಮೆರುಗು ಮಣ್ಣಿಗಿಂತ ಹೆಚ್ಚು ಕುಗ್ಗಿದೆ ಎಂದರ್ಥ. ಮೆರುಗಿಗೆ ನುಣ್ಣನೆಯ ಬೆಣಚುಕಲ್ಲಿನ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ನೋಡಬಹುದು. ಅದನ್ನು ಅರೆಯುವಾಗ, ಬೆರೆಸುವಾಗ ಮುಖಗವಸು ಕಡ್ಡಾಯ. ಆ ಧೂಳು ಶ್ವಾಸಕೋಶಕ್ಕೆ ಹಾನಿಕರ. ಅಗ್ಗವೆಂದು ಸೀಸಯುಕ್ತ ಮೆರುಗನ್ನು ಮಕ್ಕಳು ಮುಟ್ಟುವ ಸ್ಥಳಗಳಿಗೆ ಆರಿಸಕೂಡದು.

ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದ್ದು, ಆಸಕ್ತ ಕುಶಲಕರ್ಮಿಗಳನ್ನು ಅಲ್ಲಿಗೆ ಕಳುಹಿಸುವ ಬಗ್ಗೆ ಪಂಚಾಯತಿಗಳು ವಿಚಾರಿಸಬಹುದು. ಕಾರ್ಯಾದೇಶದಲ್ಲಿ ಪರೀಕ್ಷಾ ಪಟ್ಟಿಗಳ ತಯಾರಿಕೆ ಹಾಗೂ ಸುಡುವಿಕೆಯ ವೆಚ್ಚವನ್ನು ಪ್ರತ್ಯೇಕವಾಗಿ ನಮೂದಿಸಿ ಕುಂಬಾರರಿಗೆ ಪಾವತಿಸುವುದು ನ್ಯಾಯೋಚಿತ.